ಟೇಪಿಗೆ ಸಿಗದ ನುಡಿನಮನ

ಶೀಘ್ರಲಿಪಿ ಕಲಿಯುವ ಹುಡುಗಿಯರು ಈಗಲೂ ವರ್ಷಕ್ಕೆ ಒಬ್ಬಿಬ್ಬರು ರಾಜಾಜಿನಗರದ ನಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತಾರೆ. ಪರೀಕ್ಷೆ ಹತ್ತಿರವಿರುತ್ತದೆ, ಕೈ ಓಡುತ್ತಿರುವುದಿಲ್ಲ. "ಆಂಟಿ, ಸ್ಪೀಡ್ ಬರೋಕೆ ಏನ್ ಮಾಡ್ಬೇಕು?" ಎನ್ನುತ್ತಾರೆ. ಪೆನ್ಸಿಲನ್ನು ಗಟ್ಟಿಯಾಗಿ ಹಿಡಿಯಬೇಡಿ, ದಿನಕ್ಕೆ ಒಂದು ಗಂಟೆ ರೇಡಿಯೋ ವಾರ್ತೆ ಕೇಳಿ ಬರೆಯಿರಿ ಎಂದು ಹೇಳಿ ಕಳಿಸುತ್ತೇನೆ. ವೇಗ ಹೇಗೋ ಬರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಎದುರಾಗುವುದು ಬೇರೆಯೇ. ಅದನ್ನು ಬಾಗಿಲಲ್ಲಿ ನಿಂತು ಹೇಳಲಾಗುವುದಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರಿಂದ ತಪ್ಪಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ನನ್ನ ಮನೆಯವರಿಗೇ ಕೇಳಿ ಸಾಕಾಗಿದೆ.

ನಾನು ಸರ್ಕಾರಿ ಕಚೇರಿಗೆ ಶೀಘ್ರಲಿಪಿಗಾರ್ತಿಯಾಗಿ ಸೇರಿದಾಗ ಸಭೆಗಳ ವರದಿ ಬರೆಯುವ ನಮ್ಮ ವಿಭಾಗದಲ್ಲಿ ಹಿರಿಯರಾಗಿದ್ದವರು ಶಾಮಣ್ಣನವರು. ಬಿಳಿ ಅಂಗಿ, ಕಿವಿಯ ಮೇಲೆ ಒಂದು ಪೆನ್ಸಿಲು, ಜೇಬಿನಲ್ಲಿ ಎರಡು. ಭಾಷಣ ಎಷ್ಟೇ ವೇಗವಾಗಿರಲಿ, ಅವರ ಮುಖದಲ್ಲಿ ಬೇಳೆ ಆರಿಸುವವರ ನೆಮ್ಮದಿ ಇರುತ್ತಿತ್ತು. ಮೊದಲ ದಿನವೇ ಹೇಳಿದರು: "ನೋಡಮ್ಮ ಲಲಿತಾ, ಬರೆಯೋ ಕೈ ನಿನ್ನದು, ಓದೋ ಕಣ್ಣು ನಿನ್ನದು. ಮಾತು ಮಾತ್ರ ನಿನ್ನದಲ್ಲ. ಅನುಮಾನ ಬಂದ್ರೆ ಊಹೆ ಮಾಡ್ಬೇಡ. ಹೇಳಿದೋರ ಹತ್ರ ಹೋಗಿ ಓದಿ ತೋರಿಸು."

ಈ ಮಾತು ತಲೆಗೆ ಹತ್ತಲು ನನಗೆ ಒಂದು ದೊಡ್ಡ ತಪ್ಪೇ ಬೇಕಾಯಿತು. ಶೀಘ್ರಲಿಪಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅದರಲ್ಲಿ ವ್ಯಂಜನಕ್ಕೆ ಗೆರೆ, ಸ್ವರಕ್ಕೆ ಚುಕ್ಕೆ. ಭಾಷಣ ಓಡುವಾಗ ಚುಕ್ಕೆ ಇಡಲು ಪುರಸೊತ್ತು ಇರುವುದಿಲ್ಲ. ಗೆರೆ ನೋಡಿಕೊಂಡು ಸಂದರ್ಭದಿಂದ ಪದ ಹಿಡಿಯಬೇಕು. ನಿವೃತ್ತರಾಗುತ್ತಿದ್ದ ಒಬ್ಬ ಹಿರಿಯ ಅಧಿಕಾರಿಗೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ಮಾತನಾಡಿದವರೊಬ್ಬರು "ಇವರ ಸೇವೆಗೆ ಇಲಾಖೆಯವರೆಲ್ಲ ಹೆಗಲು ಕೊಟ್ಟಿದ್ದಾರೆ" ಎಂದರು. ಸ, ವ, ಗ. ಮೂರು ಗೆರೆ. ಮಾರನೆಯ ದಿನ ಟೈಪ್ ಮಾಡುವಾಗ ಮುಂದಿದ್ದ "ಹೆಗಲು" ನನ್ನನ್ನು ಕೆಡಿಸಿತು. "ಇವರ ಸಾವಿಗೆ ಇಲಾಖೆಯವರೆಲ್ಲ ಹೆಗಲು ಕೊಟ್ಟಿದ್ದಾರೆ" ಎಂದು ಹೊಡೆದೆ. ಇಲಾಖೆಯ ಪತ್ರಿಕೆಯಲ್ಲಿ ಹಾಗೇ ಅಚ್ಚಾಯಿತು.

ಆ ಅಧಿಕಾರಿ ಪತ್ರಿಕೆ ಹಿಡಿದುಕೊಂಡು ನಮ್ಮ ವಿಭಾಗಕ್ಕೇ ಬಂದರು. "ಯಾರಮ್ಮ ಅದು, ನನ್ನನ್ನ ಹೊತ್ಕೊಂಡು ಹೋದೋರು?" ಎಂದು ಕೇಳಿದರು. ನಾನು ಎದ್ದು ನಿಂತೆ. ಪುಣ್ಯಾತ್ಮರು ನಕ್ಕುಬಿಟ್ಟರು. ನಗದಿದ್ದವರು ಶಾಮಣ್ಣನವರು. ನನ್ನ ಮೇಲೆ ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಒಂದು ತಿಂಗಳು ನಾನು ಟೈಪ್ ಮಾಡಿದ ಪ್ರತಿ ಪುಟವನ್ನೂ ಎದುರು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರು. ಅದಾದ ಮೇಲೆ ಇಪ್ಪತ್ತೈದು ವರ್ಷ ನಮ್ಮ ಕಚೇರಿಯಲ್ಲಿ ನನ್ನ ಗುರುತು "ಸೇವೆಯನ್ನ ಸಾವು ಮಾಡಿದ ಲಲಿತಮ್ಮ" ಎಂದೇ ಇತ್ತು.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಕನ್ನಡದ ಕೀಲಿಗಳು ಬೇರೆ ಬೇರೆ ಜಾಗಕ್ಕೆ ಹೋಗಿ, ಐವತ್ತು ದಾಟಿದ ಬೆರಳುಗಳು ಮತ್ತೆ ಒಂದನೇ ತರಗತಿಗೆ ಸೇರಿದವು. ಸಭೆಗಳಿಗೆ ಟೇಪ್‌ರೆಕಾರ್ಡರ್ ಬಂತು. ಮೇಲಿನವರು "ಇನ್ನು ನಿಮ್ಮ ಪೆನ್ಸಿಲ್ ಯಾಕ್ರೀ?" ಎನ್ನತೊಡಗಿದರು. ಟೇಪು ಕೆಮ್ಮನ್ನೂ ಬಿಡುವುದಿಲ್ಲ, ಅದು ನಿಜ. ಹಿಂದಿನ ಸಾಲಿನಿಂದ ಎದ್ದವರು ಯಾರು ಎಂದು ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಎರಡೂ ಇರಲಿ ಎಂದು ನಮ್ಮನ್ನು ಉಳಿಸಿಕೊಂಡರು.

ಎರಡು ಸಾವಿರದ ನಂತರದ ಆ ವರ್ಷಗಳಲ್ಲೇ ನನಗೆ ಗವರ್ನರ್ ಸಾಹೇಬರ ಪರಿಚಯವಾದದ್ದು. ಅವರ ಹೆಸರು ಬರೆಯುವುದಿಲ್ಲ. ಬಸವೇಶ್ವರನಗರದ ಅವರ ಬೀದಿಯ ತರಕಾರಿಯವನಿಗೂ ಅವರು ಗವರ್ನರ್ ಸಾಹೇಬರೇ ಆಗಿದ್ದರು. ಇಲ್ಲಿ ವಕೀಲರಾಗಿ, ಶಾಸಕರಾಗಿ, ಮಂತ್ರಿಯಾಗಿ, ಕೊನೆಗೆ ದೂರದ ಬೆಟ್ಟಗಳ ನಾಡೊಂದಕ್ಕೆ ರಾಜ್ಯಪಾಲರಾಗಿ ಹೋಗಿ, ಅವಧಿ ಮುಗಿಸಿಕೊಂಡು ತಮ್ಮ ಹಳೆಯ ಮನೆಗೇ ಬಂದಿದ್ದರು. ಬಂದ ಪತ್ರಗಳಿಗೆ ಉತ್ತರ ಬರೆಯಿಸಲು ಒಬ್ಬರು ಬೇಕೆಂದು ಕೇಳಿದರು. ನಮ್ಮ ಕಚೇರಿಯ ಅನುಮತಿ ಪಡೆದು ನಾನು ಶನಿವಾರ ಮಧ್ಯಾಹ್ನಗಳಲ್ಲಿ ಹೋಗತೊಡಗಿದೆ.

ಅವರೇ ಬಾಗಿಲು ತೆಗೆಯುತ್ತಿದ್ದರು. ಅಮ್ಮಾವ್ರು, ಅಂದರೆ ಅವರ ಪತ್ನಿ, ಉಪ್ಪಿಟ್ಟು ಮುಗಿಯುವವರೆಗೆ ಪೆನ್ಸಿಲ್ ಹಿಡಿಯಲು ಬಿಡುತ್ತಿರಲಿಲ್ಲ. ಬೆಟ್ಟದ ಕಡೆಯಿಂದ ರಾಶಿ ಪತ್ರ ಬರುತ್ತಿತ್ತು. ಅಲ್ಲಿನ ಒಂದು ಹಳ್ಳಿಯ ದಾದಿಯೊಬ್ಬಳು ಪ್ರತಿ ವರ್ಷ ಬರೆಯುತ್ತಿದ್ದಳು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಬಸುರಿಯರು ಸಾಯುತ್ತಾರೆ ಎಂದು ಆಕೆ ರಾಜಭವನಕ್ಕೆ ಒಂದು ಅರ್ಜಿ ಹಾಕಿದ್ದಳಂತೆ. ಸಾಹೇಬರು ಹೊಳೆಯವರೆಗೆ ತಾವೇ ನಡೆದು ಹೋಗಿ ನೋಡಿ ಬಂದು, ಕಾಲುಸೇತುವೆ ಆಗುವವರೆಗೆ ಆ ಕಡತದ ಬೆನ್ನು ಬಿಡಲಿಲ್ಲವಂತೆ. ಆ ವರ್ಷ ಸೇತುವೆ ದಾಟಿ ಬಂದು ಹೆತ್ತವರ ಹೆಸರುಗಳನ್ನೆಲ್ಲ ಆಕೆ ಪತ್ರದಲ್ಲಿ ಬರೆದು ಕಳಿಸುತ್ತಿದ್ದಳು. ಸಾಹೇಬರು ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಿದ್ದರು.

"ನಿಮ್ಮ ಜೀವನಚರಿತ್ರೆ ಹೇಳಿ ಸಾರ್, ಬರ್ಕೊಳ್ತೀನಿ" ಎಂದೆ ಒಮ್ಮೆ. "ನನ್ನ ಕಥೆ ನಾನೇ ಹೇಳಿದ್ರೆ ಎಲೆಕ್ಷನ್ ಭಾಷಣ ಆಗುತ್ತೆ ಲಲಿತಮ್ಮ. ಪತ್ರ ತಗೊಳ್ಳಿ" ಎಂದರು.

ಅವರಿಗೆ ಸಿಟ್ಟು ಇತ್ತು. ಹೇಳುತ್ತಿರುವಾಗ ನಡುವೆ ಬಾಯಿ ಹಾಕಿದರೆ ಆಗುತ್ತಿರಲಿಲ್ಲ. ಒಂದು ಸಲ ಯಾವುದೋ ಹೆಸರು ಕೇಳಿಸದೆ "ಸಾರ್?" ಎಂದೆ. "ಕಿವಿ ಎಲ್ಲಿಟ್ಕೊಂಡಿದೀರಿ?" ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದರು. ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನ ಶನಿವಾರ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಹೋದ ವಾರ ಕೂಗಿದ್ದು ನನ್ನ ತಪ್ಪು" ಎಂದರು. ದೊಡ್ಡವರ ಸ್ವಭಾವವೇ ಹೀಗೆ ಎಂದುಕೊಂಡೆ. ಅದು ಅವರು ಕಷ್ಟಪಟ್ಟು ಕಲಿತ ಪಾಠ ಎಂದು ಆಗ ನನಗೆ ತಿಳಿದಿರಲಿಲ್ಲ.

ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ಒಂದು ವಾರ ಜ್ವರ, ನಾಲ್ಕು ದಿನ ಆಸ್ಪತ್ರೆ, ಅಷ್ಟೇ. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಬಡಾವಣೆಯ ಹಿರಿಯರು ಒಂದು ಸಮಿತಿ ಮಾಡಿಕೊಂಡು ರಾಜಾಜಿನಗರದ ಸಭಾಂಗಣದಲ್ಲಿ ನುಡಿನಮನ ಏರ್ಪಡಿಸಿದರು. ಅಲ್ಲಿನ ಭಾಷಣಗಳನ್ನೆಲ್ಲ ಸೇರಿಸಿ ಒಂದು ಸಂಸ್ಮರಣ ಪುಸ್ತಕ ತರುವುದೆಂದು ತೀರ್ಮಾನವಾಯಿತು. ಸಮಿತಿಯ ಕಾರ್ಯದರ್ಶಿ ಪುಟ್ಟಸ್ವಾಮಯ್ಯನವರು, ನಿವೃತ್ತ ಪ್ರಾಂಶುಪಾಲರು. ಸಾಹೇಬರೆಂದರೆ ಪ್ರಾಣ ಅವರಿಗೆ. ಭಾಷಣಗಳನ್ನು ಬರೆದುಕೊಳ್ಳುವ ಕೆಲಸವನ್ನು ನನಗೇ ಒಪ್ಪಿಸಿದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಮೆಟ್ರೋ ಕಂಬಗಳಿಗಾಗಿ ರಸ್ತೆ ಅಗೆಯುತ್ತಿದ್ದುದರಿಂದ ಗಣ್ಯರೆಲ್ಲ ಸುತ್ತಿ ಬಳಸಿ ತಡವಾಗಿ ಬಂದರು. ವೇದಿಕೆಯ ಮೇಲೆ ಹೂವಿನ ಹಾರದ ಭಾವಚಿತ್ರ, ಮೊದಲ ಸಾಲಿನಲ್ಲಿ ಅಮ್ಮಾವ್ರು, ಪಕ್ಕದ ಮೇಜಿನಲ್ಲಿ ನಾನು, ನನ್ನೆದುರು ಟೇಪ್‌ರೆಕಾರ್ಡರ್. ಒಬ್ಬರಾದ ಮೇಲೆ ಒಬ್ಬರು ಮಾತನಾಡಿದರು. ಅಜಾತಶತ್ರು, ಮುತ್ಸದ್ದಿ, ತುಂಬಲಾರದ ನಷ್ಟ. ಈ ಮೂರು ಪದಗಳಿಗೆ ಚಿಕ್ಕ ಗುರುತು ಮಾಡಿಕೊಂಡುಬಿಟ್ಟೆ, ಕೈಗೆ ಆರಾಮವಾಯಿತು. ಕಾಲುಸೇತುವೆಯ ವಿಷಯ ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೆ ಒಳಗೊಳಗೇ ಬೇಸರವಾಗುತ್ತಿತ್ತು.

ಐದನೆಯವರು ಮಾತು ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಮೈಕು ಸತ್ತಿತು, ನನ್ನೆದುರಿನ ಟೇಪಿನ ಕೆಂಪು ದೀಪವೂ ಆರಿತು. ವಿಡಿಯೋದವರು ಕ್ಯಾಮೆರಾ ಇಳಿಸಿ ಹೊರಗೆ ಹೋದರು. ಐದು ನಿಮಿಷ ಕಾಯೋಣ ಎಂದು ಪುಟ್ಟಸ್ವಾಮಯ್ಯನವರು ಕೈಸನ್ನೆ ಮಾಡಿದರು. ಜನ ಬೀಸಣಿಗೆಯಂತೆ ಆಹ್ವಾನಪತ್ರಿಕೆ ಬೀಸಿಕೊಳ್ಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದು ಮುಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಛತ್ರಿ.

"ನಾನೂ ಎರಡು ಮಾತಾಡ್ಬೋದಾ ಸಾರ್? ಮೈಕ್ ಬೇಡ ನಂಗೆ" ಎಂದರು. ಯಾರೂ ಬೇಡವೆನ್ನಲಿಲ್ಲ. ನನ್ನ ಕೈ ತಾನಾಗಿ ಪೆನ್ಸಿಲ್ ಎತ್ತಿತು.

"ನನ್ನ ಹೆಸರು ಹೊನ್ನಯ್ಯ. ಗೋವಿಂದರಾಜನಗರ. ಸಾಹೇಬ್ರು ಮಂತ್ರಿ ಆಗಿದ್ದಾಗ ಅವ್ರ ಕೋಣೆ ಬಾಗಿಲಲ್ಲಿ ದಲಾಯತ್ ಆಗಿದ್ದೆ. ಯಾರು ಬಂದ್ರು, ಯಾರು ಹೋದ್ರು ನೋಡ್ಕೊಳ್ಳೋದು, ಫೈಲು ಎತ್ತಿ ಕೊಡೋದು. ಒಂದಿನ ಒಂದು ಫೈಲು ಕಾಣ್ಲಿಲ್ಲ. ಕೋಣೆ ತುಂಬ ಜನ. ಎಲ್ರ ಮುಂದೆ ನನ್ನ ಕೆನ್ನೆಗೆ ಹೊಡೆದ್ರು."

ಬೀಸಣಿಗೆಗಳು ನಿಂತವು. ನನ್ನ ಪೆನ್ಸಿಲೂ ಒಂದು ಕ್ಷಣ ನಿಂತಿತು.

"ಸಾಯಂಕಾಲ ಫೈಲು ಅವ್ರ ಕಾರಲ್ಲೇ ಸಿಕ್ತು. ಸಿಕ್ತು ಅಂತ ಹೇಳಿದ್ರು. ಬೇರೇನೂ ಹೇಳ್ಲಿಲ್ಲ. ನಾನು ಅದೇ ಕಟ್ಟಡದಲ್ಲಿ ಬೇರೆ ಕಡೆ ಹಾಕಿಸ್ಕೊಂಡು ಹೋದೆ. ಆಮೇಲೆ ಅವ್ರು ಗೌರ್ನರ್ ಆದ್ರು, ಹೋದ್ರು, ಬಂದ್ರು. ವಾಪಸ್ ಬಂದ ವರ್ಷ ನಮ್ಮನೆ ಹುಡುಕ್ಕೊಂಡು ಬಂದ್ರು. ಎರಡನೇ ಮಹಡಿ ಮನೆ. ಮೆಟ್ಲು ಹತ್ತಿ ಏದುಸಿರು ಬಿಡ್ತಿದ್ರು. ನನ್ನ ಹೆಂಡ್ತಿ, ಮಗ, ಸೊಸೆ ಎಲ್ಲ ಇದ್ರು. ನಿಂತ್ಕೊಂಡೇ, 'ಹೊನ್ನಯ್ಯ, ಅವತ್ತು ನಿನ್ನ ಮೇಲೆ ಕೈ ಮಾಡಿದ್ದು ತಪ್ಪು. ಅದನ್ನ ಅವತ್ತೇ ಹೇಳ್ದೆ ಇದ್ದಿದ್ದು ಇನ್ನೂ ದೊಡ್ಡ ತಪ್ಪು' ಅಂದ್ರು. ಹೊಡೆದ ವಿಷಯ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ ಸಾರ್. ನಾನು ಹೇಳೇ ಇರ್ಲಿಲ್ಲ. ಅವತ್ತೇ ಗೊತ್ತಾಗಿದ್ದು. ನಂಗೆ ಸಿಟ್ಟೇ ಬಂತು. ಏನೂ ಹೇಳ್ಲಿಲ್ಲ. ಕಾಫಿ ಕೊಟ್ವಿ, ಕುಡಿದು ಹೋದ್ರು."

ಅವರು ಭಾವಚಿತ್ರದ ಕಡೆ ತಿರುಗಿದರು. "ನಾನು ಮನಸಲ್ಲಿ ಇಟ್ಕೊಂಡಿಲ್ಲ ಸಾಹೇಬ್ರೇ. ಅದನ್ನ ಅವತ್ತೇ ಹೇಳ್ಬೇಕಾಗಿತ್ತು. ಇವತ್ತು ಹೇಳೋಣ ಅಂತ ಬಂದೆ."

ಕೈಮುಗಿದು ಹೋಗಿ ಕುಳಿತರು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ಮೈಕು ಕಿರುಚಿತು, ಪುಟ್ಟಸ್ವಾಮಯ್ಯನವರು ಗಡಿಬಿಡಿಯಲ್ಲಿ ಮುಂದಿನವರ ಹೆಸರು ಕರೆದರು.

ಒಂದು ವಾರದಲ್ಲಿ ನಾನು ಎಲ್ಲವನ್ನೂ ಟೈಪ್ ಮಾಡಿ ಅವರಿಗೆ ಕೊಟ್ಟೆ. ಮರುದಿನವೇ ಕರೆಸಿದರು. ಹೊನ್ನಯ್ಯನವರ ಪುಟಕ್ಕೆ ಅಡ್ಡಗೆರೆ ಎಳೆದಿದ್ದರು.

"ಇದು ಬೇಡಮ್ಮ. ಸತ್ತೋರ ನೆನಪಿನ ಪುಸ್ತಕದಲ್ಲಿ ಇಂಥದ್ದು ಹಾಕ್ತಾರಾ? ಅಮ್ಮಾವ್ರು ಏನಂದ್ಕೊಳ್ತಾರೆ?"

"ಅಮ್ಮಾವ್ರ ಎದುರೇ ಹೇಳಿದ್ದು ಸಾರ್."

"ಹೇಳಿದ್ದು ಗಾಳಿಗೆ ಹೋಯ್ತು. ಅಚ್ಚಾಗಿದ್ದು ಹಾಗಲ್ಲ. ಟೇಪಲ್ಲೂ ಇಲ್ಲ ಇದು. ಇರೋದು ನಿಮ್ಮ ನೋಟ್‌ಬುಕ್ಕಲ್ಲಿ, ಅದನ್ನ ಓದೋಕಾಗೋದು ನಿಮಗೊಬ್ರಿಗೇ. ನಾಳೆ ಯಾರಾದ್ರೂ ಹೀಗೆ ಹೇಳೇ ಇಲ್ಲ ಅಂದ್ರೆ? ತಪ್ಪು ತಿಳ್ಕೋಬೇಡಿ, ಸೇವೆಯನ್ನ ಸಾವು ಮಾಡಿದೋರು ನೀವು."

ಆ ಕಥೆ ಅವರಿಗೂ ತಲುಪಿತ್ತು! ಮುಖಕ್ಕೆ ಹೊಡೆದ ಹಾಗಾಯಿತು. ಅವರು ಕೆಟ್ಟವರಲ್ಲ, ಸಾಹೇಬರ ಮೇಲಿನ ಪ್ರೀತಿಗೇ ಹಾಗೆ ಹೇಳುತ್ತಿದ್ದರು. ಬಿಟ್ಟುಬಿಡೋಣವೇ ಎಂದು ನನಗೂ ಅನ್ನಿಸಿತು. ನಾನು ಅಷ್ಟು ಗೌರವಿಸುತ್ತಿದ್ದವರು ಒಬ್ಬ ಬಡವನ ಕೆನ್ನೆಗೆ ಹೊಡೆದಿದ್ದರು ಎಂಬುದನ್ನು ನನ್ನ ಕೈಯಿಂದಲೇ ಅಚ್ಚಿಗೆ ಕೊಡಲು ನನಗೇನು ಸಂತೋಷವೇ? ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಶಾಮಣ್ಣನವರ ಮಾತಿನಂತೆ, ಹೇಳಿದವರ ಹತ್ತಿರ ಹೋಗಿ ಓದಿ ತೋರಿಸೋಣ ಎಂದು ಹೊರಟೆ.

ಗೋವಿಂದರಾಜನಗರದಲ್ಲಿ ಇಬ್ಬರನ್ನು ಕೇಳುವಷ್ಟರಲ್ಲಿ ಮನೆ ಸಿಕ್ಕಿತು. ಹೊನ್ನಯ್ಯನವರು ಮಹಡಿಯ ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ನಾನು ಬಂದ ಕಾರಣ ಹೇಳಿ, ಟೈಪ್ ಮಾಡಿದ್ದನ್ನು ಓದಿದೆ. ತಲೆದೂಗುತ್ತಾ ಕೇಳಿದರು. ಕೊನೆಯ ಸಾಲುಗಳಿಗೆ ಬಂದಾಗ ಕೈ ಅಡ್ಡ ಹಿಡಿದರು.

"ಇನ್ನೊಂದ್ಸಲ ಓದಿ ಅದನ್ನ."

"ನಾನು ಅವರನ್ನು ಮನಃಪೂರ್ವಕವಾಗಿ ಕ್ಷಮಿಸಿದ್ದೇನೆ" ಎಂದು ಓದಿದೆ.

"ಇದು ನಾನು ಹೇಳಿದ್ದಲ್ಲ ಕಣಮ್ಮ."

ಚೀಲದಿಂದ ಶೀಘ್ರಲಿಪಿಯ ನೋಟ್‌ಬುಕ್ ತೆಗೆದು ಗೆರೆಗಳನ್ನು ನೋಡಿದೆ. ಅಲ್ಲಿ ಸ್ಪಷ್ಟವಾಗಿತ್ತು: ಮನಸಲ್ಲಿ ಇಟ್ಕೊಂಡಿಲ್ಲ. ಗೆರೆ ಸರಿಯಾಗಿಯೇ ಇತ್ತು. ಪುಸ್ತಕಕ್ಕೆ ಚೆನ್ನಾಗಿರಲಿ ಎಂದು ಟೈಪ್ ಮಾಡುವಾಗ ಅವರ ಮಾತನ್ನು ನಾನೇ ತಿದ್ದಿಬಿಟ್ಟಿದ್ದೆ. ಹಾಗೆ ತಿದ್ದಿದ್ದೇನೆಂಬ ಅರಿವೂ ನನಗಿರಲಿಲ್ಲ.

"ಎರಡೂ ಒಂದೇ ಅಲ್ವಾ?" ಎಂದೆ, ನನ್ನ ಮಾನ ಉಳಿಸಿಕೊಳ್ಳಲು.

ಅವರು ಒಂದು ಅವರೆಕಾಯಿ ಸುಲಿದು ಕಾಳು ಹಾಕಿದರು. "ಒಂದೇ ಹೇಗಾಗುತ್ತೆ? ಹೊಡೆದಿದ್ದು ಹೊಡೆದಿದ್ದೇ. ಅದನ್ನ ನಾನು ಒರೆಸೋಕಾಗಲ್ಲ, ಅವ್ರೂ ಒರೆಸೋಕಾಗಲ್ಲ. ಅದನ್ನ ಹೊತ್ಕೊಂಡು ತಿರುಗ್ತಿಲ್ಲ ಅಂತ ಅಷ್ಟೇ ನಾನು ಹೇಳಿದ್ದು. ಅಷ್ಟು ದೊಡ್ಡೋರು ಮೆಟ್ಲು ಹತ್ತಿ ಬಂದ್ರಲ್ಲ, ಅದಕ್ಕೆ."

ನನ್ನ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ ಎಂದು ಈಗಲೂ ಅನ್ನಿಸುತ್ತದೆ. ಸೇವೆ ಸಾವಾದದ್ದು ಕಣ್ಣಿನ ತಪ್ಪು, ಜನ ನಕ್ಕು ಮರೆತರು. ಇದು ಯಾರ ಕಣ್ಣಿಗೂ ಬೀಳದೆ ಅಚ್ಚಾಗಿ, ಆ ಮನುಷ್ಯನ ಬಾಯಲ್ಲಿ ಅವರು ಆಡದ ಮಾತನ್ನು ಶಾಶ್ವತವಾಗಿ ಕೂರಿಸಿಬಿಡುತ್ತಿತ್ತು. ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಭಾಷೆ ಚೆನ್ನಾಗಿ ಬರುತ್ತದೆ ಎಂಬ ಹೆಮ್ಮೆಯ ಮೇಲೆ ಒಂದು ಕಣ್ಣಿಡಿ. ನನ್ನನ್ನು ಕೆಡವಿದ್ದು ಅದೇ.

ಅಲ್ಲೇ ಪೆನ್ಸಿಲಿನಲ್ಲಿ ತಿದ್ದಿದೆ. ಪ್ರತಿಯೊಂದು ಸಾಲನ್ನೂ ಮತ್ತೆ ಓದಿದೆ. ಹೊನ್ನಯ್ಯನವರು ಕೆಳಗೆ ನಿಧಾನವಾಗಿ ರುಜು ಹಾಕಿದರು. ಆಮೇಲೆ, "ಅಮ್ಮಾವ್ರಿಗೆ ತೋರಿಸಿ. ಅವ್ರಿಗೆ ಬೇಡ ಅನ್ನಿಸಿದ್ರೆ ಬೇಡ. ನಾನು ಹೇಳೋದು ಹೇಳಿ ಆಗಿದೆ" ಎಂದರು.

ಆ ಶನಿವಾರ ಬಸವೇಶ್ವರನಗರಕ್ಕೆ ಹೋದೆ. ಬಾಗಿಲು ತೆಗೆದದ್ದು ಅಮ್ಮಾವ್ರು. ಪುಟವನ್ನು ಕೈಗೆ ಕೊಟ್ಟು, ಪುಟ್ಟಸ್ವಾಮಯ್ಯನವರ ಅಭಿಪ್ರಾಯವನ್ನೂ ಮುಚ್ಚಿಡದೆ ಹೇಳಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ಒಂದಿನ ವಾಕಿಂಗ್ ಹೋದೋರು ಮಧ್ಯಾಹ್ನಕ್ಕೆ ಬಂದ್ರು," ಎಂದರು ಆಮೇಲೆ. "ಬಟ್ಟೆ ಎಲ್ಲ ಬೆವರು. ಎಲ್ಲಿಗೆ ಹೋಗಿದ್ರಿ ಅಂದೆ. 'ಹೊನ್ನಯ್ಯನ ಮನೇಲಿ ಕಾಫಿ ಆಯ್ತು' ಅಂದ್ರು. ಹೊನ್ನಯ್ಯ ಯಾರು ಅಂತ ನಾನು ಕೇಳ್ಲಿಲ್ಲ. ಅವ್ರೂ ಹೇಳ್ಲಿಲ್ಲ. ಮೊನ್ನೆ ಸಭೇಲಿ ಆ ಮನುಷ್ಯ ಎದ್ದು ಹೆಸರು ಹೇಳಿದಾಗಲೇ ನಂಗೆ ಗೊತ್ತಾಗಿದ್ದು."

"ನಿಮಗೆ ನೋವಾಗಿದ್ರೆ..." ಎಂದೆ.

"ಆಗಿದೆ. ಕೈ ಮಾಡಿದ್ರು ಅಂತ ನೋವಾಗಿದೆ. ಆದ್ರೆ ಅವತ್ತು ಅಷ್ಟು ಜನ ಮಾತಾಡಿದ್ರಲ್ಲ ಲಲಿತಮ್ಮ, ಅದರಲ್ಲಿ ನನ್ನ ಗಂಡ ಕಾಣಿಸಿದ್ದು ಇದೊಂದರಲ್ಲೇ. ನಲವತ್ತೆಂಟು ವರ್ಷ ಆ ಸಿಟ್ಟಿನ ಜೊತೆ ಸಂಸಾರ ಮಾಡಿದೋಳು ನಾನು. ಅದನ್ನ ಅವ್ರು ಹೇಗೆ ಹಿಡಿದು ಹಿಡಿದು ಬಗ್ಗಿಸಿದ್ರು ಅಂತ ಬೇರೆ ಯಾರಿಗೆ ಗೊತ್ತು?"

ನನ್ನೆದುರೇ ಪುಟ್ಟಸ್ವಾಮಯ್ಯನವರಿಗೆ ಫೋನ್ ಮಾಡಿದರು. "ಹೊನ್ನಯ್ಯನವರ ಮಾತು ಇಲ್ದೆ ಇದ್ರೆ ಪುಸ್ತಕವೇ ಬೇಡ" ಎಂದರು. ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. "ಹಾಂ, ಜೊತೆಗೆ ಆ ದಾದಿ ಬರೆದಿರೋ ಪತ್ರಾನೂ ಹಾಕಿ. ಲಲಿತಮ್ಮ ತರ್ತಾರೆ" ಎಂದು ಸೇರಿಸಿ ಇಟ್ಟರು. ಸೇತುವೆಯ ವಿಷಯ ಸಭೆಯಲ್ಲಿ ಬರಲಿಲ್ಲವೆಂಬ ನನ್ನ ಬೇಸರವನ್ನು ನಾನು ಬಾಯಿಬಿಟ್ಟು ಅವರಿಗೆ ಹೇಳಿರಲಿಲ್ಲ.

ಪುಟ್ಟಸ್ವಾಮಯ್ಯನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕರಡು ತಿದ್ದುವಾಗ ಹೊನ್ನಯ್ಯನವರ ಪುಟ ಕೊನೆಗೆ ಹೋಗಿತ್ತು. ಅವರೇ ಅದನ್ನು ಎತ್ತಿ ಐದನೆಯ ಭಾಷಣದ ಪಕ್ಕಕ್ಕೆ ತಂದರು. "ಯಾವಾಗ ಮಾತಾಡಿದ್ರೋ ಅಲ್ಲೇ ಇರ್ಲಿ" ಎಂದರು. ಆಮೇಲೆ ತಲೆ ತಗ್ಗಿಸಿ, "ಅವತ್ತು ನಾನು ಸೇವೆ-ಸಾವು ಅಂದಿದ್ದು ಸರಿಯಾಗ್ಲಿಲ್ಲ" ಎಂದರು. ನಾನು ಆ ಭಾಷಣದ ಕೆಳಗೆ, ವರದಿಗಾರರ ಪದ್ಧತಿಯಂತೆ, ಈ ವೇಳೆ ಸಭಾಂಗಣದಲ್ಲಿ ವಿದ್ಯುತ್ ಇರಲಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದೆ.

ಪುಸ್ತಕ ಬಂದ ಹದಿನೈದು ದಿನಕ್ಕೆ ಹೊನ್ನಯ್ಯನವರು ನಮ್ಮ ಮನೆಗೆ ಬಂದರು. ಒಂದು ಪ್ರತಿ ಅವರಿಗೆ ಸಿಕ್ಕಿತ್ತು. ಇನ್ನೂ ಮೂರು ಬೇಕು ಎಂದರು.

"ಅವತ್ತು ಕೋಣೇಲಿ ಇದ್ರಲ್ಲ, ನೋಡಿದೋರು, ಅದರಲ್ಲಿ ಮೂರು ಜನ ಉಳಿದಿದಾರೆ. ಒಬ್ರು ವಿಜಯನಗರ, ಒಬ್ರು ಆರ್‌ಪಿಸಿ ಲೇಔಟು, ಇನ್ನೊಬ್ರು ಕೆಂಗೇರಿ. ಸಾಹೇಬ್ರು ತಪ್ಪು ಅಂತ ಹೇಳಿದ್ದು ನಮ್ಮನೆಯೋರ ಮುಂದೆ. ಹೊಡೆದಿದ್ದು ನೋಡಿದೋರಿಗೆ ಅದು ಗೊತ್ತೇ ಇಲ್ಲ. ಕೊಟ್ಟು ಬರ್ತೀನಿ."

ಸಮಿತಿಯಿಂದ ನನಗೆ ಬಂದಿದ್ದ ಮೂರೂ ಪ್ರತಿಗಳನ್ನು ಕೊಟ್ಟೆ. ಮುಂದಿನ ವಾರ ಮತ್ತೆ ಬಂದರು. ಮೆಟ್ಟಿಲು ಹತ್ತುವಾಗಲೇ ನಗುತ್ತಿದ್ದರು. ಕುಳಿತು ನೀರು ಕುಡಿದರು.

"ವಿಜಯನಗರದೋರು ಓದಿ ಕಣ್ಣೊರೆಸ್ಕೊಂಡ್ರು. ಆರ್‌ಪಿಸಿಯೋರಿಗೆ ಕಣ್ಣು ಕಾಣಲ್ಲ, ಮೊಮ್ಮಗಳು ಓದಿ ಹೇಳಿದ್ಳು. ಕೆಂಗೇರಿಯೋರು ಇದಾರಲ್ಲ, ಪೂರ್ತಿ ಓದಿ, ನನ್ನ ಮುಖ ನೋಡಿ, 'ಸಾಹೇಬ್ರು ನಿಂಗೆ ಹೊಡೆದಿದ್ರಾ? ಯಾವಾಗಯ್ಯ? ನಂಗೆ ನೆನಪೇ ಇಲ್ವಲ್ಲೋ' ಅಂದ್ರು ಕಣಮ್ಮ!"

"ಅಯ್ಯೋ!" ಎಂದೆ.

"ಅವ್ರು ಎದುರಿಗೆ ಸಿಕ್ತಾರೆ ಅಂತ ನಾನು ಎಷ್ಟು ವರ್ಷ ಆ ಕಾರಿಡಾರಲ್ಲಿ ತಲೆ ತಗ್ಗಿಸ್ಕೊಂಡು ಓಡಾಡಿದೀನಿ ಗೊತ್ತಾ? ಆ ಮನುಷ್ಯನಿಗೆ ನೆನಪೇ ಇಲ್ಲ!"

ಹೇಳುತ್ತ ಹೇಳುತ್ತ ಅವರು ತೊಡೆ ತಟ್ಟಿಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ.

"ಪುಸ್ತಕ ವಾಪಸ್ ತಂದ್ರಾ?" ಎಂದು ಕೇಳಿದೆ, ನಗು ಸ್ವಲ್ಪ ನಿಂತ ಮೇಲೆ.

"ಯಾಕೆ ತರ್ಲಿ?" ಎಂದರು ಹೊನ್ನಯ್ಯನವರು. "ಬಿಡುವಾದಾಗ ಇನ್ನೊಂದ್ಸಲ ಓದಿ ಸ್ವಾಮಿ, ನೆನಪಾಗುತ್ತೆ ಅಂತ ಕೈಗಿಟ್ಟು ಬಂದೆ."